ಅತ್ತೆ ನೆಟಿಗೆ ಮುರಿದ ಟ್ಯಾಬ್ಲೆಟ್

ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ನಡೆದದ್ದನ್ನು ಹೇಳುತ್ತಾ ನಡೆಯಬೇಕಿದ್ದದ್ದನ್ನೂ ಸೇರಿಸಿಬಿಡುತ್ತೇನೆಂಬ ಗುಮಾನಿ ನನಗೇ ಇದೆ. ಆ ಟ್ಯಾಬ್ಲೆಟ್ಟಿನ ಚೀಲ ನೀಲಿಯೋ ಕಪ್ಪೋ ಎಂದು ಕೇಳಿದರೆ ಎರಡಕ್ಕೂ ಹೂಂ ಎಂದೇನು. ತಂದವನು ಮಾತ್ರ ಚಿಕ್ಕಪ್ಪನ ಮಗ ಕೊಟ್ರೇಶ, ಅದು ಖಚಿತ. ಹಗರಿಬೊಮ್ಮನಹಳ್ಳಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಅವನು, ಬೆರಳಲ್ಲೇ ಇಂಟರ್‌ನೆಟ್ ನೋಡುವ ಹೊಸ ಆಪ್ ಒಂದನ್ನು ಅದಕ್ಕೆ ಹಾಕಿ, ಕೊಟ್ಟೂರಿನ ನಮ್ಮ ಮನೆಯಲ್ಲಿ ಬಿಟ್ಟುಹೋದ. "ಅಕ್ಕಾ, ನೀ ಎಂ.ಎ. ಓದಿದಾಕಿ. ನಿನಗ ತಿಳೀತಂದ್ರ ಊರಿಗೆಲ್ಲಾ ತಿಳೀತತಿ, ಆಮ್ಯಾಲೆ ಮಾರ್ತೀನಿ" ಎಂದ. ಅದು ಹೊಗಳಿಕೆಯಲ್ಲವೆಂದು ಹೊಳೆಯಲು ನನ್ನ ಊಟ ಮುಗಿಯಬೇಕಾಯಿತು.

ಆಪ್‌ನ ಹೆಚ್ಚುಗಾರಿಕೆಯೆಂದರೆ, ಮುಟ್ಟಲು ಸುಲಭವಾಗಲೆಂದು ಪುಟದ ಗುಂಡಿಗಳನ್ನೆಲ್ಲ ನಿಪ್ಪಟ್ಟಿನಷ್ಟು ಅಗಲ ಮಾಡುತ್ತಿತ್ತು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಏನಾದರೂ ಘನವಾದದ್ದನ್ನೇ ನೋಡಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಬಂದು ಗಂಡುಗಳನ್ನು ತೋರಿಸು ಎಂದಳು. ನನ್ನ ಮದುವೆ ಆಗ ಮನೆಮಂದಿಯ ಮುಖ್ಯ ಕಸುಬು. ವಧೂವರರ ತಾಣವೊಂದರಲ್ಲಿ ಕೊಟ್ರೇಶನೇ ನನ್ನ ಹೆಸರು ಸೇರಿಸಿದ್ದ.

ಉಚ್ಚಂಗಿದುರ್ಗದಿಂದ ಬಂದಿದ್ದ ಸೋದರತ್ತೆಯೂ ಪಕ್ಕಕ್ಕೆ ಕೂತಳು. ಚೆಂದದ ಮುಖ ಕಂಡರೆ ದೃಷ್ಟಿ ತಾಗೀತೆಂದು, ಎರಡೂ ಅಂಗೈಯಲ್ಲಿ ಕೆನ್ನೆ ಸವರಿ ತನ್ನ ಹಣೆಯ ಪಕ್ಕ ನೆಟಿಗೆ ಮುರಿಯುವುದು ಅವಳ ರೂಢಿ. ತೊಟ್ಟಿಲ ಕೂಸಾದರೂ ಸರಿ, ಬಸ್ ಕಂಡಕ್ಟರನಾದರೂ ಸರಿ. ಪರದೆಯ ಮೇಲೆ ಹರಪನಹಳ್ಳಿಯ ಇಂಜಿನಿಯರ್ ಮೂಡಿದ. ಅತ್ತೆ ಸವರಿದಳು, ಬೆರಳುಗಳು ಲಟಲಟ ಎಂದವು. ಕೂಡ್ಲಿಗಿಯ ಬ್ಯಾಂಕಿನವನಿಗೂ ಲಟಲಟ, ಹೊಸಹಳ್ಳಿಯ ಗುತ್ತಿಗೆದಾರನಿಗೂ ಲಟಲಟ. ಪ್ರತಿ ಮುಖದ ಕೆಳಗೂ 'ನಮಗೆ ಒಪ್ಪಿಗೆ' ಎಂಬ ನಿಪ್ಪಟ್ಟು ಇತ್ತು. ಅತ್ತೆಯ ಅಂಗೈಗೆ ಸಿಕ್ಕು ಅದು ಹಸಿರಾಗುತ್ತಿದ್ದುದನ್ನು ಕಂಡು, ಆಪ್ ಎಷ್ಟು ಅಲಂಕಾರವಾಗಿದೆ ಎಂದುಕೊಂಡೆ.

ಆಮೇಲೆ ಬಂದವರು ಹಡಗಲಿಯ ಮೇಷ್ಟ್ರು. ಮುಂದಲೆ ತುಸು ಬೋಳು. ಹವ್ಯಾಸದ ಜಾಗದಲ್ಲಿ 'ಮಧ್ಯಾಹ್ನದ ನಿದ್ದೆ' ಎಂದು ಬರೆದಿದ್ದರು. ಇಷ್ಟು ನಿಜ ಹೇಳುವವರ ಜೊತೆ ಬಾಳಬಹುದೆಂದು ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಅತ್ತೆ ಮಾತ್ರ ಕೈ ಎತ್ತಲಿಲ್ಲ. "ಇವಗ ಯಾರ ದೃಷ್ಟಿ ತಾಗ್ತತಿ, ಮುಂದಕ್ಕ ತಳ್ಳು" ಎಂದಳು.

ಮರುದಿನ ಅಪ್ಪನಿಗೆ ಫೋನಿನ ಮೇಲೆ ಫೋನು. ನಿಮ್ಮ ಒಪ್ಪಿಗೆ ಬಂತು, ಹುಡುಗಿ ನೋಡಲು ಯಾವಾಗ ಬರೋಣ ಎಂದು ಎಲ್ಲರದೂ ಒಂದೇ ಮಾತು. ಬೇಡ ಎನ್ನಲು ಬಾರದ ಅಪ್ಪ ಎಲ್ಲರಿಗೂ "ಬರ್ರಿ, ಬರ್ರಿ" ಎಂದ, ಅದೂ ಒಂದೇ ಭಾನುವಾರಕ್ಕೆ. ಅವ್ವ ರವೆ ಹುರಿಯುತ್ತಲೇ ಅತ್ತೆಯನ್ನೂ ಹುರಿದಳು. "ದೃಷ್ಟಿ ತಗದದ್ದು ತಪ್ಪೇನವಾ?" ಎಂದಳು ಅತ್ತೆ. ನನ್ನ ಸಂಕಟವೇ ಬೇರೆ: ಇಷ್ಟು ಮಂದಿಯಲ್ಲಿ ನನಗೆ ಬೇಕಾದವರೊಬ್ಬರಿಗೇ ಒಪ್ಪಿಗೆ ಹೋಗಿರಲಿಲ್ಲ. ಯಾರೂ ಇಲ್ಲದಾಗ ಮೇಷ್ಟ್ರ ಪುಟ ತೆರೆದು ಗುಂಡಿ ಒತ್ತಿದೆ. ಉಹುಂ. ಅತ್ತೆಯ ಅಂಗೈಗೆ ಓಗೊಟ್ಟ ಪರದೆ ನನ್ನ ಬೆವರಿದ ಬೆರಳಿಗೆ ಕಲ್ಲಿನಂತೆ ಕೂತಿತ್ತು. ಮತ್ತೆ ಒತ್ತುತ್ತಿರುವಾಗಲೇ ಅತ್ತೆ ಬಂದಳು. ಗಾಬರಿಯಲ್ಲಿ ಮೇಷ್ಟ್ರ ಪುಟ ತೆರೆದಿದ್ದಂತೆಯೇ ಟ್ಯಾಬ್ಲೆಟ್ಟನ್ನು ಅವಳ ಮಡಿಲಿಗೆ ಹಾಕಿ ಚಾ ಮಾಡಲು ಎದ್ದೆ.

ಭಾನುವಾರ ಹಡಗಲಿಯವರೂ ಬಂದರು. ಅಷ್ಟೊತ್ತಿಗೆ ಉಪ್ಪಿಟ್ಟು ಖಾಲಿ. ಮೇಷ್ಟ್ರು ಬರಿ ಚಾ ಕುಡಿದು ಕೂತಲ್ಲೇ ತೂಕಡಿಸಿದರು. ಈಗಲೂ ಒಳಗೆ ಮಲಗಿದ್ದಾರೆ.

ಧೈರ್ಯ ಮಾಡಿ ಗುಂಡಿ ಒತ್ತಿದವಳು ನಾನೇ ಎಂದು ಇವರಿಗೆ ಹೇಳಿಕೊಂಡು ಮೆರೆಯುತ್ತಿದ್ದೇನೆ. ಮೊನ್ನೆ ಅತ್ತೆ ಬಂದಾಗ ಮೆಲ್ಲಗೆ ಕೇಳಿಯೇಬಿಟ್ಟೆ: "ಅತ್ತಿ, ಅವತ್ತು ಇವರಿಗೆ ಒಪ್ಪಿಗಿ ಕೊಟ್ಟಾಕಿ ನಾನೋ, ನೀನೋ?"

ಅತ್ತೆ ಬಾಗಿಲಾಚೆ ಗೊರಕೆ ಹೊಡೆಯುತ್ತಿದ್ದ ಇವರ ಕಡೆ ಒಮ್ಮೆ ನೋಡಿ, ಎಲೆಗೆ ಸುಣ್ಣ ಸವರತೊಡಗಿದಳು.