ಮಂಚಿಗೆಯ ಮೇಲೆ ಸುಮ್ಮನೆ ಕುಳಿತವಳು

ಕ್ಯಾಮರಾದ ಬೆನ್ನಿನಲ್ಲಿ ಅಂಗಿಯ ಗುಂಡಿಯಷ್ಟು ಅಗಲದ ಕೆಂಪು ಕಿಂಡಿಯೊಂದಿತ್ತು. ಅದಕ್ಕೆ ಕಣ್ಣಿಟ್ಟರೆ ಒಳಗಿನ ಕಾಗದದ ಮೇಲೆ ಅಚ್ಚಾದ ‘ಒಂದು’ ಎಂಬ ಅಂಕಿ ಕಾಣುತ್ತಿತ್ತು. ಹನ್ನೆರಡು ಫೋಟೋಗಳ ರೀಲಿನಲ್ಲಿ ಮೊದಲನೆಯದು ಸಿದ್ಧವಾಗಿದೆ ಎಂದರ್ಥ. ಚಿಂಚೋಳಿಯಿಂದ ಚಂದ್ರಂಪಳ್ಳಿಗೆ ಹೋಗುವ ಬಸ್ಸಿನಲ್ಲಿ ನಾನು ಅದನ್ನು ಐದು ಸಲ ನೋಡಿದೆ. ಐದು ಸಲವೂ ಒಂದೇ ಇತ್ತು. ಸಮಾಧಾನವಾಯಿತು.

ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಚಿಂಚೋಳಿಯ ಕಾಲೇಜಿಗೆ ಪಾಠ ಹೇಳಲು ಬಂದು ನನಗೆ ಒಂದು ವರ್ಷವಾಗಿತ್ತು. ಕಾಲೇಜಿನ ಫಲಕದ ಮೇಲೆ ‘ಮೈಸೂರು ರಾಜ್ಯ’ ಅಳಿಸಿ ‘ಕರ್ನಾಟಕ’ ಎಂದು ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ಆಗ ನನ್ನ ಪ್ರಾಧ್ಯಾಪಕರಿಂದ ಒಂದು ಪತ್ರ ಬಂತು. ಈ ಭಾಗದ ಹಕ್ಕಿಗಳ ಬಗ್ಗೆ ಅವರೊಂದು ಪುಸ್ತಕ ತರುತ್ತಿದ್ದರು. ಚಳಿಗಾಲದಲ್ಲಿ ದೂರದೇಶದಿಂದ ಬರುವ ಗುಲಾಬಿ ಕಬ್ಬಕ್ಕಿಯ ಫೋಟೋ ಬೇಕು, ಹತ್ತಿರದಿಂದ ತೆಗೆದದ್ದಾಗಿರಬೇಕು, ತಿಂಗಳೊಳಗೆ ಕಳಿಸಬೇಕು, ಅಚ್ಚಾದರೆ ಕೆಳಗೆ ನಿಮ್ಮ ಹೆಸರಿರುತ್ತದೆ ಎಂದು ಬರೆದಿದ್ದರು. ಈ ಕೊನೆಯ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ಆದರೆ ಹೆಸರನ್ನು ಪೂರ್ತಿ ಹಾಕಿಸಬೇಕೋ ಇನಿಷಿಯಲ್ ಸಾಕೋ ಎಂದು ಎರಡು ದಿನ ಯೋಚಿಸಿದ್ದು ನಿಜ.

ಕ್ಯಾಮರಾ ನಮ್ಮ ಪ್ರಾಂಶುಪಾಲರದು. ಡಬ್ಬಿಯಂಥ ಹಳೆಯ ಕ್ಯಾಮರಾ. ಅದರಲ್ಲಿ ದೂರದ ಹಕ್ಕಿ ನುಸಿಯಂತೆ ಬೀಳುತ್ತದೆ. ಆದ್ದರಿಂದ ಹಕ್ಕಿಗಳು ಬಂದು ಕೂರುವ ಕಡೆಯಲ್ಲೇ ನಾನು ಮೊದಲು ಹೋಗಿ ಕೂತಿರಬೇಕು. ಇದನ್ನು ನಾನು ಒಂದು ಹಾಳೆಯ ಮೇಲೆ ನಕ್ಷೆ ಬರೆದು ನಿರ್ಧರಿಸಿದೆ. ಚಂದ್ರಂಪಳ್ಳಿಯ ಡ್ಯಾಮಿನ ಹಿನ್ನೀರಿಗೂ ಸರ್ಕಾರದ ಮೀಸಲು ಅರಣ್ಯಕ್ಕೂ ನಡುವೆ ಶರಣಮ್ಮ ಕಾಕಿಯ ಜೋಳದ ಹೊಲವಿತ್ತು. ಕಾಕಿ ನಾನು ಬಾಡಿಗೆಗಿದ್ದ ಮನೆಯ ಯಜಮಾನತಿಯ ತಂಗಿ. ಹೊಲದ ನಡುವೆ ನಾಲ್ಕು ಗೂಟಗಳ ಮೇಲೆ ಆಳೆತ್ತರಕ್ಕೆ ಕಟ್ಟಿದ ಅಟ್ಟವೊಂದಿತ್ತು, ಇಲ್ಲಿಯವರ ಮಾತಿನಲ್ಲಿ ಮಂಚಿಗೆ. ಕಾಡಿನಿಂದ ಹೊರಟ ಹಕ್ಕಿಗೆ ಮೊದಲು ಸಿಗುವುದೇ ಆ ಹೊಲ. ನನ್ನ ನಕ್ಷೆಯಲ್ಲಿ ಒಂದೂ ತಪ್ಪಿರಲಿಲ್ಲ!

ಶನಿವಾರ ಸಂಜೆ ಕಾಕಿಯ ಮನೆ ತಲುಪಿ, ಚಹಾ ಕುಡಿದು, ಸಂಕೋಚದಿಂದ ವಿಷಯ ತೆಗೆದೆ.

“ಕಾಕಿ, ನಾಳೆ ಮುಂಜಾನೆ ನಿಮ್ಮ ಮಂಚಿಗಿ ಮ್ಯಾಲ ನಾ ಕುಂದರ್ಲೇನ್ರಿ?”

ಕಾಕಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. “ನೀವು? ಎಷ್ಟೊತ್ತು?”

“ನಸುಕಿನಾಗ ಹತ್ತಿದ್ರ ಬಿಸಿಲು ಏರೋತನಕ.”

“ಥಂಡಿ ಭಾಳ ಅದ ಯವ್ವಾ.”

“ಇರ್ಲಿ ಬಿಡ್ರಿ. ನನಗ ಆಸೆ ಅದ.”

ಕಾಕಿಯ ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎಂದು ಭಾವಿಸಿದೆ. ಅವರು ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದು, “ಬಸವಣ್ಣ ಕಳಸಿದಂಗ ಬಂದಿ ನೋಡವ್ವಾ! ನಾಳಿ ಚಿಮ್ಮನಚೋಡದಾಗ ಬೀಗರ ಮನ್ಯಾಗ ನನ್ನ ಮೊಮ್ಮಗನ ತೊಟ್ಟಿಲ ಕಾರ್ಯ. ಗಂಡ, ಮಗ ನಿನ್ನೇನೇ ಹೋಗ್ಯಾರ. ಹೊಲ ಬಿಟ್ಟು ನಾ ಹ್ಯಾಂಗ ಹೋಗ್ಲಿ ಅಂತ ಕುಂತಿದ್ದೆ” ಅಂದರು.

ನಾನು ಕೂರುವುದಕ್ಕೂ ಅವರು ಹೋಗುವುದಕ್ಕೂ ಇರುವ ಸಂಬಂಧ ನನಗೆ ಹೊಳೆಯಲಿಲ್ಲ. ಕೇಳಬಹುದಿತ್ತು. ಆದರೆ ಇನ್ನೊಬ್ಬರ ಮನೆಯ ವಿಷಯ ಕೆದಕಿ ಕೇಳುವುದು ನನ್ನ ಸ್ವಭಾವವಲ್ಲ. ನನ್ನ ವಿಷಯ ಹೇಳಿಕೊಳ್ಳುವುದೂ ನನ್ನ ಸ್ವಭಾವವಲ್ಲ. ಕ್ಯಾಮರಾ ಚೀಲದಿಂದ ಹೊರಬರಲೇ ಇಲ್ಲ. ಮಲಗುವ ಮುನ್ನ ಕಾಕಿ ಒಂದು ಕವಣೆ, ಒಂದು ಬುಟ್ಟಿ ಸಣ್ಣ ಕಲ್ಲು, ಒಂದು ಖಾಲಿ ಎಣ್ಣೆಡಬ್ಬಿ ತಂದು ನನ್ನ ಹಾಸಿಗೆಯ ಪಕ್ಕ ಇಟ್ಟರು. ಕಾಡಂಚಿನ ಹೊಲವಲ್ಲವೇ, ನರಿಗಿರಿ ಬಂದರೆ ಇರಲಿ ಎಂದು ಕೊಟ್ಟಿರಬೇಕು ಎಂದುಕೊಂಡೆ. ಎಂಥ ಮಮತೆ!

ಇಲ್ಲಿ ನನ್ನ ಪರವಾಗಿ ಒಂದು ಮಾತು ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಶಹಾಬಾದಿನಲ್ಲಿ. ನಮ್ಮೂರಲ್ಲಿ ನೆಲ ಅಗೆದರೆ ಸಿಗುವುದು ಹಾಸುಗಲ್ಲು. ಕಲ್ಲನ್ನು ಯಾವ ಹಕ್ಕಿಯೂ ತಿನ್ನುವುದಿಲ್ಲ, ಯಾರೂ ಕಾಯುವುದಿಲ್ಲ. ಜೋಳ ಹಾಲು ತುಂಬುವ ಕಾಲದಲ್ಲಿ ಮಂಚಿಗೆ ಹತ್ತಿದವರು ಆ ಹೊಲದ ಜವಾಬ್ದಾರಿ ಹೊತ್ತ ಹಾಗೆ ಎಂಬುದು ಈ ಊರಿನಲ್ಲಿ ನಡೆಯಲು ಕಲಿತ ಮಗುವಿಗೂ ಗೊತ್ತು. ಎಂ.ಎಸ್ಸಿ.ಯ ಪಠ್ಯದಲ್ಲಿ ಇರಲಿಲ್ಲ.

ಎಳ್ಳಮಾವಾಸ್ಯೆಯ ಹಬ್ಬ ಮುಗಿದು ವಾರವಾಗಿತ್ತು. ಕಾಕಿ ಮೊದಲ ಬಸ್ಸಿಗೆ ಹೋದರು, ನಾನು ಹೊಲಕ್ಕೆ ಹೋದೆ. ಕತ್ತಲಲ್ಲಿ ಸೀರೆಯ ನೆರಿಗೆ ಸಿಕ್ಕಿಸಿ ಮಂಚಿಗೆ ಹತ್ತಿದೆ. ಕವಣೆ, ಕಲ್ಲು, ಡಬ್ಬಿಗಳನ್ನು ಕಾಲಿಗೆ ತಾಗದಂತೆ ಒಂದು ಮೂಲೆಯಲ್ಲಿ ಒಪ್ಪವಾಗಿ ಜೋಡಿಸಿದೆ. ಬೂದುಬಣ್ಣದ ಶಾಲು ಹೊದ್ದು ಗೂಟದಂತೆ ಕುಳಿತೆ.

ಬೆಳಕು ಮೂಡುವ ಹೊತ್ತಿಗೆ ಸುತ್ತಲಿನ ಹೊಲಗಳಲ್ಲಿ ಗಲಾಟೆ ಶುರುವಾಯಿತು. “ಹೋ... ಹೋ...” ಎಂಬ ಕೂಗು, ಡಬ್ಬಿ ಬಡಿತ, ಕವಣೆಯ ಛಟೀರ್ ಶಬ್ದ. ಸಂಶೋಧನೆಗೆ ಎಷ್ಟು ಪ್ರತಿಕೂಲವಾದ ವಾತಾವರಣ ಎಂದು ಬೇಸರವಾಯಿತು. ಅಷ್ಟರಲ್ಲಿ ಕಾಡಿನ ಕಡೆಯಿಂದ ಒಂದು ಮೋಡ ಎದ್ದಿತು. ಮೋಡ ಎಡಗಡೆಯ ಹೊಲಕ್ಕೆ ಇಳಿಯಹೋಯಿತು. ಕೂಗಿದರು, ಎದ್ದಿತು. ಬಲಗಡೆಗೆ ತಿರುಗಿತು. ಡಬ್ಬಿ ಬಡಿದರು, ಎದ್ದಿತು. ಕೊನೆಗೆ ಇಡೀ ಚಂದ್ರಂಪಳ್ಳಿಯಲ್ಲಿ ಸದ್ದಿಲ್ಲದ ಒಂದೇ ಹೊಲ ಹುಡುಕಿಕೊಂಡು ನನ್ನ ಸುತ್ತ ಇಳಿಯಿತು.

ಗುಲಾಬಿ ಕಬ್ಬಕ್ಕಿಗಳು! ತೆನೆಗೊಂದು, ತೆನೆಗೆರಡು! ಕರಿ ತಲೆ, ಕರಿ ರೆಕ್ಕೆ, ನಡುವೆ ಗುಲಾಬಿ ಮೈ. ಕೈಚಾಚಿದರೆ ಸಿಗುವಷ್ಟು ಹತ್ತಿರ. ನಿಶ್ಚಲವಾಗಿ ಕೂರಬಲ್ಲವರನ್ನು ಪ್ರಕೃತಿ ನಂಬುತ್ತದೆ ಎಂದುಕೊಂಡೆ. ಉಸಿರು ಹಿಡಿದು ಒಂದು ಫೋಟೋ ತೆಗೆದೆ. ಇನ್ನೊಂದು. ಮತ್ತೊಂದು.

ಆರನೆಯದರ ಹೊತ್ತಿಗೆ ಕಾಡಿನ ಗಡಿಕಲ್ಲಿನ ಬಳಿ ಯಾರೋ ಓಡಿಬರುವುದು ಕಂಡಿತು. ಫಾರೆಸ್ಟ್ ಗಾರ್ಡ್ ಖಾಜಾಸಾಬ್. ಹಿಂದಿನ ಸಂಜೆ ಬಸ್ಸಿಳಿದಾಗ ನನಗೆ ಕಾಕಿಯ ಮನೆ ತೋರಿಸಿದವರು ಅವರೇ.

“ಅಕ್ಕೋರೆ! ಕವಣಿ ಬೀಸ್ರಿ, ಕವಣಿ!”

ನಾನು ತುಟಿಯ ಮೇಲೆ ಬೆರಳಿಟ್ಟು, ತರಗತಿಯಲ್ಲಿ ಕೊನೆಯ ಬೆಂಚಿನವರನ್ನು ನೋಡುವಂತೆ ನೋಡಿದೆ. ಪಾಪ, ಅವರು ಗಡಿಕಲ್ಲಿನ ಮೇಲೆ ಕೂತುಬಿಟ್ಟರು. ಕಾಲೇಜಿನ ಅಕ್ಕೋರು ಏನೋ ಗೊತ್ತಿದ್ದೇ ಮಾಡುತ್ತಿರಬೇಕು ಎಂಬ ಗೌರವ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದರು.

“ಇದು ಹೊಸ ತರೀಕಾ ಏನ್ರಿ? ತಿಂದು ತಿಂದು ಹೊಟ್ಟಿ ಒಡದು ತಾವಾ ಸಾಯ್ತಾವ?”

“ಶ್! ಸುಮ್ನಿರ್ರಿ. ಹೆದರ್ತಾವ.”

“ಹೆದರಬೇಕಲ್ರಿ!”

ನಾನು ಹನ್ನೆರಡನೆಯ ಫೋಟೋ ತೆಗೆಯುತ್ತಿದ್ದೆ.

ಬಿಸಿಲು ಬಿತ್ತು. ಹಕ್ಕಿಗಳು ಒಮ್ಮೆಲೇ ಎದ್ದು, ತೇಗುವುದೊಂದು ಬಾಕಿ ಎಂಬಂತೆ ನಿಧಾನವಾಗಿ ಕಾಡಿಗೆ ಹೋದವು. ಆಗ ನಾನು ಮೊದಲ ಬಾರಿಗೆ ಹಕ್ಕಿಯನ್ನು ಬಿಟ್ಟು ತೆನೆಯನ್ನು ನೋಡಿದೆ. ಮಂಚಿಗೆಯ ಸುತ್ತಲಿನ ಸಾಲುಗಳಲ್ಲಿ ತೆನೆಗಳೇ ಇರಲಿಲ್ಲ. ತೆನೆಯ ಆಕಾರದ ಕಸಬರಿಗೆಗಳಿದ್ದವು.

ಖಾಜಾಸಾಬ್ ಹತ್ತಿರ ಬಂದು, ಮಂಚಿಗೆ ಯಾಕೆ ಕಟ್ಟುತ್ತಾರೆ, ಕವಣೆ ಯಾಕೆ ಕೊಡುತ್ತಾರೆ, ಡಬ್ಬಿ ಯಾಕೆ ಬಡಿಯುತ್ತಾರೆ ಎಂಬುದನ್ನು ಒಂದನೇ ಇಯತ್ತೆಯ ಪಾಠದಂತೆ ಹೇಳಿದರು. “ಗಡಿಕಲ್ಲಿನ ಆಚಿ ಹಕ್ಕಿ ಸರ್ಕಾರದ್ದು, ಈಚಿ ಬಂದ್ರ ಶರಣಮ್ಮಂದು. ಆಚಿ ನಾ ಕಾಯ್ತೀನಿ. ಈಚಿ ಮಂಚಿಗಿ ಮ್ಯಾಲ ಕುಂತೋರು ಕಾಯ್ಬೇಕು.” ಪ್ರಾಣಿಶಾಸ್ತ್ರದ ವಿಷಯದಲ್ಲಿ ಇಷ್ಟು ಸ್ಪಷ್ಟವಾದ ಉಪನ್ಯಾಸವನ್ನು ನಾನು ಧಾರವಾಡದಲ್ಲೂ ಕೇಳಿರಲಿಲ್ಲ.

ನನ್ನ ಮುಖ ನೋಡಿ ಅವರಿಗೇ ಕನಿಕರವಾಯಿತು. “ಹೋಗ್ಲಿ ಬಿಡ್ರಿ, ಫೋಟೋ ಛಲೋ ಬಂದಾವಲ್ಲ? ಗುಲಾಬಿ ಬಣ್ಣ ಬರ್ತದೇನ್ರಿ?”

“ಇಲ್ರಿ. ಕಪ್ಪು-ಬಿಳುಪು ರೀಲ್.”

ಅವರು ಯೋಚಿಸಿದರು. “ಹಂಗಾದ್ರ ನಮ್ಮ ಕಾಗಿ ಫೋಟೋನೇ ತಗದು ಕಳಸಬಹುದಿತ್ತಲ್ರಿ.”

ರೀಲು ಸುತ್ತಿ ಮುಗಿಸೋಣ ಎಂದು ಕ್ಯಾಮರಾ ತಿರುಗಿಸಿದೆ. ಕೆಂಪು ಕಿಂಡಿಯಲ್ಲಿ ಅಂಕಿ ಇನ್ನೂ ಒಂದೇ ಇತ್ತು. ಒಂದೊಂದು ಫೋಟೋ ಆದಮೇಲೂ ಪಕ್ಕದ ಕಿವಿಯಂಥ ತಿರುಪು ತಿರುಗಿಸಿ ರೀಲನ್ನು ಮುಂದಕ್ಕೆ ಸರಿಸಬೇಕು. ಬಸ್ಸಿನಲ್ಲಿ ಅದನ್ನು ಎರಡು ಸಲ ಮನನ ಮಾಡಿಕೊಂಡಿದ್ದೆ. ಸಂಭ್ರಮದಲ್ಲಿ ಒಂದು ಸಲವೂ ಸರಿಸಿರಲಿಲ್ಲ. ಹನ್ನೆರಡು ಫೋಟೋಗಳೂ ಒಂದರ ಮೇಲೊಂದು, ಒಂದೇ ಜಾಗದಲ್ಲಿ ಬಿದ್ದಿದ್ದವು!

ಕಾಕಿ ಮಧ್ಯಾಹ್ನದ ಬಸ್ಸಿಗೆ ಬಂದರು. ಕೈಯಲ್ಲಿ ನನಗಾಗಿ ತಂದ ಹೋಳಿಗೆಯ ಗಂಟು. ತೊಟ್ಟಿಲ ಮುಂದೆ ಜೋಗುಳ ಹಾಡಿ ಹಾಡಿ ಗಂಟಲು ಪೂರ್ತಿ ಬಿದ್ದುಹೋಗಿತ್ತು. ಪಿಸುದನಿಯಲ್ಲೇ ಸಡಗರ. “ಕೂಸು ಥೇಟ್ ನನ್ನ ಮಗನಂಗೇ ಅದ ಯವ್ವಾ! ಬರೋ ರವಿವಾರ ಸೀತನಿ ತಿನ್ನಲಿಕ್ಕ ಬರ್ರಿ ಅಂತ ಬೀಗರಿಗೆ ಕರದು ಬಂದೀನಿ. ಮಂಚಿಗಿ ಸುತ್ತಿಂದು ಅದಕ್ಕೇ ಇಟ್ಟೀನಿ. ಭಾಳ ಸಿಹಿ ಅದ.”

ಎಳೆಯ ತೆನೆ ಸುಟ್ಟು, ಕಾಳು ಬಿಡಿಸಿ, ಬೀಗರಿಗೆ ಕೊಡುವ ಆ ಸೀತನಿಯನ್ನು ಬೆಳಿಗ್ಗೆಯೇ ಬೇರೆಯವರು ಹಸಿಯಾಗಿ ತಿಂದು ಹೋಗಿದ್ದರು. ನಾನು ಹೋಳಿಗೆಯ ಗಂಟನ್ನು ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಹೇಳುತ್ತ ಅವರನ್ನು ಹೊಲಕ್ಕೆ ಕರೆದುಕೊಂಡು ಹೋದೆ.

ಕಾಕಿ ಒಂದು ತೆನೆ ಹಿಡಿದು ನೋಡಿದರು. ಇನ್ನೊಂದು ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಅವು ತಿನ್ನೋ ಮುಂದ ನೀ ಏನ್ ಮಾಡಾಕತ್ತಿದ್ದಿ?”

“ಉಸಿರು ಹಿಡಕೊಂಡು ಕುಂತಿದ್ದೆ ಕಾಕಿ.”

“ಯಾಕ?”

“ಅವಕ್ಕ ತ್ರಾಸ ಆಗಬಾರದಂತ.”

ಗಂಟಲಿದ್ದಿದ್ದರೆ ಬೈಯುತ್ತಿದ್ದರೋ ನಗುತ್ತಿದ್ದರೋ ತಿಳಿಯದು. ಎರಡೂ ಸೇರಿ ಗಾಳಿ ಹೋದ ಪೀಪಿಯಂಥ ಒಂದು ಸದ್ದು ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದರು. “ಪಟ ಆದ್ರೂ ಬಂತಿಲ್ಲೋ?”

“ಒಂದು ಬಂದದ್ರಿ. ಬಂದಿದ್ರ.”

ನೀರಿನ ಕಡೆಯ ನಾಲ್ಕು ಸಾಲು ಮಾತ್ರ ಉಳಿದಿದ್ದವು. ಬೀಗರಿಗೆ ಅಷ್ಟು ಸಾಕಾಗುತ್ತಿತ್ತು, ಮರುದಿನವೂ ಉಳಿದರೆ. ಆದರೆ ಕಾಕಿಗೆ ದನಿಯಿಲ್ಲ. ಮನೆಯವರು ಬರುವುದು ಸೋಮವಾರ ಸಂಜೆಗೆ. ಹಕ್ಕಿಗಳಿಗಂತೂ ಹೊಲದ ವಿಳಾಸ ಸಿಕ್ಕಿತ್ತು.

“ನಾಳಿ ಮತ್ತ ಬರ್ತಾವ್ರಿ ಅಕ್ಕೋರೆ,” ಎಂದರು ಗಡಿಕಲ್ಲಿನ ಕಡೆಯಿಂದ ಬಂದು ನಿಂತಿದ್ದ ಖಾಜಾಸಾಬ್, ನನಗೆ ಧೈರ್ಯ ಹೇಳುವ ದನಿಯಲ್ಲಿ. “ನಿಮ್ಮ ಡಬ್ಬ್ಯಾಗ ಇನ್ನಾ ಹನ್ನೊಂದು ಅದಾವಲ್ಲ.”

ಅದನ್ನೇ ನಾನೂ ಯೋಚಿಸುತ್ತಿದ್ದೆ. ಬಾಯಲ್ಲಿ ಆಡಿರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಾಲೇಜಿಗೆ ರಜೆ ಚೀಟಿ ಕಳಿಸಿದೆ. ಕಾರಣ: ‘ಅನಿವಾರ್ಯ ಸ್ವಂತ ಕೆಲಸ’. ಕ್ಯಾಮರಾವನ್ನು ಮನೆಯಲ್ಲೇ ಬಿಟ್ಟು ಮಂಚಿಗೆ ಹತ್ತಿದೆ. ಕವಣೆ ಬೀಸಿದೆ. ಕಲ್ಲು ಹಿಂದಕ್ಕೆ ಹೋಯಿತು. ಡಬ್ಬಿ ಬಡಿದೆ. ಹಕ್ಕಿಗಳು ತಿರುಗಿ ನೋಡಿದವು, ನಿನ್ನೆಯ ಪರಿಚಯದವಳೇ ಎಂದು ಮತ್ತೆ ಹತ್ತಿರ ಬಂದವು. ಕೊನೆಗೆ ಬಾಯಿ ತೆರೆದು, “ಹೋಗ್ರಿ! ಹೋಗ್ರಿ!” ಅಂದೆ.

“ಅಕ್ಕೋರೆ,” ಗಡಿಕಲ್ಲಿನಿಂದ ಖಾಜಾಸಾಬ್ ಕೂಗಿದರು, “ಹಕ್ಕಿಗೆ ಇಷ್ಟು ಮರ್ಯಾದಿ ಕೊಟ್ರ ಅವು ಊಟಕ್ಕ ಕುಂದರ್ತಾವ!”

ಆಗ ಒಂದು ಹಕ್ಕಿ ಬಂದು ಮಂಚಿಗೆಯ ಗೂಟದ ಮೇಲೆಯೇ ಕುಳಿತಿತು. ನನಗೂ ಅದಕ್ಕೂ ಒಂದು ಮೊಳ ಅಂತರ. ಎಳೆಬಿಸಿಲು ಸರಿಯಾಗಿ ಅದರ ಮೈಮೇಲೆ ಬಿದ್ದಿತ್ತು. ಅದು ಕತ್ತು ಓರೆ ಮಾಡಿ, ನಿಧಾನವಾಗಿ, ಫೋಟೋಗೆ ನಿಂತ ಹಾಗೆ ಮುಖದ ಒಂದು ಬದಿ ತೋರಿಸಿತು. ಆಮೇಲೆ ಇನ್ನೊಂದು ಬದಿ ತೋರಿಸಿತು.

ನಾನು ಹುಟ್ಟಿದಾಗ ಅತ್ತದ್ದು ಬಿಟ್ಟರೆ ಅಷ್ಟು ಗಟ್ಟಿಯಾಗಿ ಎಂದೂ ಕೂಗಿರಲಿಲ್ಲ. ಗೂಟದ ಹಕ್ಕಿ ಹಾರಿತು. ಹೊಲದ ಹಕ್ಕಿಗಳೆಲ್ಲ ಎದ್ದವು. ಎರಡು ಹೊಲದಾಚೆ ಯಾರದೋ ಎಮ್ಮೆ ಹಗ್ಗ ಹರಿಯಿತು. ಮಂಚಿಗೆಯ ಕೆಳಗೆ ಚಹಾದ ಚರಿಗೆ ಹಿಡಿದು ನಿಂತಿದ್ದ ಶರಣಮ್ಮ ಕಾಕಿ, ಬಿದ್ದ ಗಂಟಲಲ್ಲೇ ಹೇಳಿದರು.

“ಹಾಂ, ಹಿಂಗ. ಆದ್ರ ಕಣ್ಣು ಮುಚಕೋಬ್ಯಾಡ.”

ಕಣ್ಣು ತೆರೆದುಕೊಂಡು ಇನ್ನೊಮ್ಮೆ ಕೂಗಿದೆ.