ಕರಿಯಾಮೆಯ ಮೂರು ಏಣು

ಸರ್ಕಾರ ಅರವತ್ತು ತುಂಬಿದ ಮಾಸ್ತರನಿಗೆ ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸುತ್ತದೆ. ಅವನ ಖಾತ್ರಿಯನ್ನು ನಿವೃತ್ತಿಗೊಳಿಸುವ ಕಾಯಿದೆ ಮಾತ್ರ ಇನ್ನೂ ಬಂದಿಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿ ಬೇವೂರಿನಲ್ಲಿ ನೆಲೆಸಿರುವ ನಾನು, ಯಾರಾದರೂ "ಇದು ಏನ್ರಿ ಸರ?" ಎಂದರೆ ಸಾಕು, ವಸ್ತುವನ್ನು ಪೂರ್ತಿ ನೋಡುವ ಮೊದಲೇ ಉತ್ತರ ಕೊಟ್ಟಿರುತ್ತೇನೆ. 'ಗೊತ್ತಿಲ್ಲ' ಎಂಬ ಮಾತನ್ನು ವಿದ್ಯಾರ್ಥಿಗಳ ಬಾಯಿಂದ ಬೇಕಾದಷ್ಟು ಸಲ ಕೇಳಿದ್ದೇನೆ. ಸ್ವಂತಕ್ಕೆ ಬಳಸಿದ ನೆನಪಿಲ್ಲ. ಒಮ್ಮೆ ಹುನಗುಂದದ ಬಸ್ ನಿಲ್ದಾಣದಲ್ಲಿ ಒಬ್ಬರನ್ನು ಬೆನ್ನು ನೋಡಿಯೇ ನನ್ನ ಹಳೆಯ ಹೆಡ್ಮಾಸ್ತರರೆಂದು ಗುರುತಿಸಿ, ಮುಂದೆ ಹೋಗಿ ಕಾಲಿಗೆರಗಿದೆ. ಅವರು ಡ್ಯೂಟಿ ಮುಗಿಸಿ ಹೊರಟಿದ್ದ ಕಂಡಕ್ಟರು. ಸಾವಕಾಶವಾಗಿ ಆಶೀರ್ವಾದ ಮಾಡಿ, ಎಲ್ಲಿಗೆ ಹೋಗಬೇಕೆಂದು ಕೇಳಿದರು. ಇದರಿಂದ ನಾನು ಯಾವ ಪಾಠವನ್ನೂ ಕಲಿಯಲಿಲ್ಲ. ಕಲಿಸುವವನಿಗೆ ಆ ಅಭ್ಯಾಸ ಇರುವುದಿಲ್ಲ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿ ಸಂಗಪ್ಪ ಬಂದ. ಊರ ಹೊರಗೆ ಅವನ ಹೊಲ, ಹೊಲದಲ್ಲೊಂದು ಬಾವಿ. ಈ ಸಲ ಹೂಳು ತೆಗೆಸಿದ್ದರಿಂದ ನೀರು ಚೆನ್ನಾಗಿ ಬಂದಿತ್ತು. ಹೊಸ ನೀರಿಗೆ ಒಂದು ಆಮೆಯನ್ನು ಬಿಟ್ಟರೆ ಅದು ಹುಳಹುಪ್ಪಟೆ ತಿಂದು ಬಾವಿಯನ್ನು ಸ್ವಚ್ಛವಾಗಿಡುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಸಂಗಪ್ಪನ ಗೋಣಿಚೀಲದಲ್ಲಿ, ಹೊಲದ ಬದುವಿನ ಹತ್ತಿರ ಸಿಕ್ಕ ಆಮೆಯೊಂದಿತ್ತು.

"ಸರ, ಇದು ನೀರಾಗಿನ ಆಮಿನೋ, ನೆಲದ್ದೋ? ನೆಲದ್ದಾದ್ರ ಮುಳುಗಿ ಸಾಯ್ತೈತಿ ಅಂತಾರ. ಪಾಪ ಸುತ್ತಕೊಂತೈತ್ರಿ. ನೀವ ಹೇಳ್ರಿ."

ಒಂದು ಜೀವದ ಪ್ರಶ್ನೆ. ನಾನು ಕನ್ನಡಕವನ್ನು ಏರಿಸಿ ನ್ಯಾಯಾಧೀಶನಂತೆ ಬಾಗಿದೆ. ಕಪ್ಪು ಬೆನ್ನು, ಅದರ ಮೇಲೆ ತಲೆಯಿಂದ ಬಾಲದವರೆಗೆ ಸಾಲುಗಟ್ಟಿದ ಉಬ್ಬುಗಳು. ಬೆರಳಿಟ್ಟು ಸಾಲು ಎಣಿಸಿದೆ. "ಬೆನ್ನಮ್ಯಾಲೆ ಮೂರು ಏಣು, ಬಣ್ಣ ಕಪ್ಪು. ಕರಿಯಾಮಿ ಇದು. ನೀರಿಂದು. ನಿಶ್ಚಿಂತಿಯಿಂದ ಬಾವಿಗೆ ಬಿಡು" ಎಂದು ತೀರ್ಪು ಕೊಟ್ಟೆ.

"ನೀವ ಹೇಳಿದ ಮ್ಯಾಲೆ ಮುಗೀತ್ರಿ" ಎಂದು ಸಂಗಪ್ಪ ಆಮೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ನನ್ನಾಕೆ ಇಲಕಲ್ಲಿನ ನೇಕಾರರ ಮನೆಯ ಮಗಳು. ಅಂಗಡಿಯಲ್ಲಿ ಎಲ್ಲರೂ ಸೆರಗಿನ ಅಂದ ನೋಡುತ್ತಿದ್ದರೆ ಇವಳು ಸೀರೆಯನ್ನು ತಿರುವಿ ಹಿಂಬದಿ ನೋಡುತ್ತಾಳೆ. ಚೀಲಕ್ಕೆ ಹಾಕುವಾಗ ಆಮೆ ಬುಡಮೇಲಾಗಿದ್ದಷ್ಟು ಹೊತ್ತು, ಬಾಗಿಲಲ್ಲಿ ನಿಂತಿದ್ದ ಅವಳಿಗೆ ಸಾಕಾಗಿತ್ತು.

"ಅಲ್ರಿ, ಅದರ ಕಾಲು ನೋಡಿದ್ರೇನು? ಒನಕಿ ತುಂಡ ಇದ್ದಂಗ ಅದಾವು. ಬೆರಳ ನಡಕ ತೊಗಲಿಲ್ಲ. ಹ್ಯಾಂಗ ಈಜತೈತಿ?"

"ಬಣ್ಣ ನೋಡಿದೆಲ್ಲ, ಕಪ್ಪು!"

"ನಮ್ಮ ಎರಿ ಹೊಲದಾಗ ಹೊರಳಾಡಿ ಬಂದ್ರ ನೀವೂ ಕರಿಯಾಮಿನ."

ಅವಳ ಬಾಯಿ ಮುಚ್ಚಿಸಲೆಂದೇ ಅಟ್ಟದಿಂದ, ಶಾಲೆಗೆಂದು ಬರೆದಿದ್ದ ನನ್ನ ಹಳೆಯ ಆಮೆ ಚಾರ್ಟನ್ನು ಇಳಿಸಿದೆ. ಧೂಳು ಕೊಡವಿ ಬಿಚ್ಚಿದರೆ, ನನ್ನದೇ ದುಂಡು ಅಕ್ಷರ: 'ಮೊದಲು ಕಾಲನ್ನು ನೋಡು. ನೀರಿನ ಆಮೆಗೆ ಬೆರಳುಗಳ ನಡುವೆ ಪೊರೆ. ನೆಲದ ಆಮೆಗೆ ಆನೆಯಂಥ ಕಾಲು.' ಕೆಳಗೆ ನನ್ನದೇ ಸಹಿ. ಪ್ರತಿವಾದಿಯೇ ತನ್ನ ವಿರುದ್ಧ ಸಾಕ್ಷಿ ನುಡಿದಂತಾಯಿತು.

ಸಂಗಪ್ಪನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಕೊನೆಗೆ ಬಾಗಿಲಲ್ಲಿ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿ ಓಡಿದೆ. ಆ ಓಟವನ್ನು ನೋಡಿದ ಊರ ಮಂದಿ ಯಾರಿಗೋ ಏನೋ ಆಯಿತೆಂದು ಎದ್ದು ನಿಂತರು.

ಆಮೆಯನ್ನು ಉಳಿಸಿದ್ದು ಸಂಗಪ್ಪನ ಭಕ್ತಿ. ಗಂಗವ್ವನಿಗೆ ಪೂಜೆಯಾಗದೆ ಬಾವಿಗೆ ಏನನ್ನೂ ಬಿಡುವ ಪೈಕಿ ಅಲ್ಲ ಅವನು. ದಂಡೆಯ ಮೇಲೆ ಆಮೆಯನ್ನಿಟ್ಟು, ತಂಬಿಗೆಯಿಂದ ನೀರೆರೆದು, ಕುಂಕುಮ ಹಚ್ಚಿ ಕಾಯಿ ಒಡೆದಿದ್ದ. ಹೊಲದ ಕಪ್ಪು ಎರೆಮಣ್ಣೆಲ್ಲ ತೊಳೆದುಹೋಗಿ, ಒಂದೊಂದು ಉಬ್ಬಿನ ನೆತ್ತಿಯಿಂದಲೂ ಹಳದಿ ಗೆರೆಗಳು ಹರಡಿ, ಬೆನ್ನ ತುಂಬ ನಕ್ಷತ್ರಗಳು ಮೂಡಿದ್ದವು.

"ನೋಡ್ರಿ ಸರ, ಪೂಜಿಗೆ ಒಲಿದು ಚುಕ್ಕಿ ತೋರ್ಸೈತಿ!" ಎನ್ನುತ್ತ ಅವನು ಅದನ್ನು ಬಾವಿಯ ಮೇಲಕ್ಕೆ ಎತ್ತಿ ಹಿಡಿದ.

"ತಡೀಲೇ ಸಂಗ್ಯಾ! ನಕ್ಷತ್ರ ಆಮಿ ಅದು! ನೆಲದ್ದು!"

"ನೀವ ನೀರಿಂದು ಅಂದ್ರೆಲ್ರಿ?"

"ತಪ್ಪು ಹೇಳಿದೆ!"

ಆ ಮಾತು ನನ್ನ ಬಾಯಿಂದ ಅಷ್ಟು ಗಟ್ಟಿಯಾಗಿ ಬಂದದ್ದು ಅದೇ ಮೊದಲು. ಯಾರಿಗಾದರೂ ಕೇಳದಿದ್ದೀತೆಂದು ಬಾವಿ ಇನ್ನೊಮ್ಮೆ ಹೇಳಿತು.

ಕಾಯಿದೆಯಂತೆ ಇಂಥ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಫೋನ್ ಮಾಡಿದ ಮೇಲೆ ಅರಣ್ಯ ರಕ್ಷಕರೊಬ್ಬರು ಬೈಕಿನಲ್ಲಿ ಬಂದರು. ಅದು ಸಿಕ್ಕ ಬದುವಿನಾಚೆಯ ಕುರುಚಲಿನಲ್ಲೇ ಬಿಡಿಸಿದರು. ಆಮೆ ಕುಂಕುಮದ ಸಮೇತ, ತಿರುಗಿಯೂ ನೋಡದೆ ಹೋಯಿತು.

"ಬಾವಿಗೆ ಬಿಡ್ರಿ ಅಂತ ಹೇಳಿದವ್ರು ಯಾರ್ರಿ?" ಎಂದು ರಕ್ಷಕರು ಕೇಳಿದರು.

"ನಾವು ಹೊಲ ಮಾಡೋ ಮಂದೀರಿ, ತಿಳೀಲಿಲ್ಲ" ಎಂದ ಸಂಗಪ್ಪ, ನನ್ನ ಕಡೆ ನೋಡದೆ.

ರಕ್ಷಕರು ನನ್ನತ್ತ ತಿರುಗಿದರು. "ನೀವು ಮಾಸ್ತರಂತಲ್ರಿ. ಏನ್ ಕಲಸ್ತಿದ್ರಿ?"

"ಗಣಿತ" ಎಂದೆ, ಹಳೆಯ ಖಾತ್ರಿಯಲ್ಲೇ.

"ಹೌದ್ರಿ ಸಾಹೇಬ್ರ" ಎಂದ ಸಂಗಪ್ಪ ಕೈಮುಗಿದು. "ಮೂರರ ತನಕ ಭಾಳ ಚಂದ ಎಣಸ್ತಾರ."

ರಕ್ಷಕರು ಕಣ್ಣು ಕೆಳಗಿಳಿಸಿ ನನ್ನ ಪಾದಗಳನ್ನು ದಿಟ್ಟಿಸಿದರು. ನಾನೂ ನೋಡಿದೆ. ಬಲಗಾಲಲ್ಲಿ ನನ್ನ ಚಪ್ಪಲಿ, ಎಡಗಾಲಲ್ಲಿ ನನ್ನಾಕೆಯದು. ಅವರಿಗೂ ಯಾರೋ ಒಳ್ಳೆಯ ಮಾಸ್ತರು ಮೊದಲು ಕಾಲನ್ನು ನೋಡಲು ಕಲಿಸಿದ್ದರೆಂದು ಕಾಣುತ್ತದೆ.