ಹಿಂದಿನ ಬೆಂಚಿನ ಬೀಗರು

ನಮ್ಮ ಬೀಗರಿಗೆ ತಲೆ ಸರಿಯಿಲ್ಲ. ಇದು ನನ್ನೊಬ್ಬನ ಅಭಿಪ್ರಾಯವಲ್ಲ. ಹೊನ್ನಾಳಿಯವರು ಹಾಗೆನ್ನುತ್ತಾರೆ, ನ್ಯಾಮತಿಯವರು ಹೂಂಗುಟ್ಟುತ್ತಾರೆ, ನಮ್ಮ ಚನ್ನಗಿರಿ ಕಡೆಯವರಿಗಂತೂ ಈ ವಿಷಯದಲ್ಲಿ ಸಂಶಯವೇ ಇಲ್ಲ. ಜಗಳೂರಿನವರು ಮಾತ್ರ ಒಪ್ಪುವುದಿಲ್ಲ. “ನಮ್ಮಲ್ಲಿದ್ದಾಗ ಸರಿಯಾಗೇ ಇದ್ರಲ್ರೀ! ಎಂಥಾ ಗಣಿತ, ಎಂಥಾ ಶಿಸ್ತು! ಆಮೇಲೆ ನೀವೇ ಏನೋ ಮಾಡೀರಿ,” ಎಂದು ನಮ್ಮ ಮೇಲೆಯೇ ಗೂಬೆ ಕೂರಿಸುತ್ತಾರೆ.

ಬೀಗರು ಎಂದರೆ ನನ್ನ ಸೊಸೆಯ ತಂದೆ. ಜಗಳೂರು ಕಡೆಯ ರೈತರ ಮನೆಯಿಂದ ಬಂದು ಗಣಿತದ ಮೇಷ್ಟ್ರಾಗಿ, ಈಗ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ತರಾಗಿದ್ದಾರೆ. ಹೆಡ್‌ಮಾಸ್ತರೆಂದರೆ ನಮ್ಮ ಕಾಲದಲ್ಲಿ ಹೇಗಿರುತ್ತಿದ್ದರು? ಅವರು ಕೆಮ್ಮಿದರೆ ಇಡೀ ಶಾಲೆ ಸುಮ್ಮನಾಗುತ್ತಿತ್ತು. ನಮ್ಮ ಬೀಗರು ಕೆಮ್ಮಿದರೆ ಪಕ್ಕದಲ್ಲಿ ಕೂತ ಹುಡುಗ, “ಸಾರ್, ನೀರು ಕುಡೀರಿ,” ಎಂದು ಬಾಟಲಿ ಕೊಡುತ್ತಾನೆ! ಪಕ್ಕದಲ್ಲಿ ಯಾಕೆ ಕೂತಿರುತ್ತಾನೆ ಅಂತೀರಾ? ಅಲ್ಲೇ ಇರುವುದು ವಿಷಯ.

ಹೊನ್ನಾಳಿಯ ಕಡೆ ಹೆಡ್‌ಮಾಸ್ತರಾಗಿ ಹೋದ ಹೊಸದರಲ್ಲಿ ಅವರು ಮಾಡಿದ ಮೊದಲ ಕೆಲಸವೆಂದರೆ ಆಫೀಸಿನ ದೊಡ್ಡ ಕುರ್ಚಿಯನ್ನು ಎತ್ತಿಸಿ ಬಿಸಿಯೂಟದ ಅಡುಗೆಯ ಅಮ್ಮನಿಗೆ ಕೊಟ್ಟದ್ದು. “ದಿನಾ ಪೂರ್ತಿ ನಿಂತಿರೋಳು ಆಕೆ. ನನಗ್ಯಾಕೆ?” ಎಂದರಂತೆ. ಆಮೇಲೆ ತಾವು ಎಲ್ಲಿ ಕೂರುವುದು? ತರಗತಿಯಲ್ಲಿ. ಹಿಂದಿನ ಬೆಂಚಿನಲ್ಲಿ. ಒಂದು ದಿನ ಎಂಟನೇ ತರಗತಿಯ ಹಿಂದಿ, ಮರುದಿನ ಒಂಬತ್ತರ ವಿಜ್ಞಾನ. ತಪಾಸಣೆಗೆಂದು ಕೂತದ್ದಲ್ಲ, ಕಲಿಯುವುದಕ್ಕೆ! ಪ್ರಶ್ನೆ ಕೇಳಿದರೆ ಎಲ್ಲರಂತೆ ಕೈ ಎತ್ತಬೇಕು, ಬಾರದಿದ್ದರೆ ಎಲ್ಲರಂತೆ ನಿಲ್ಲಬೇಕು.

ಹೀಗಿರುವಾಗ ಇಲಾಖೆಯ ಸಾಹೇಬರೊಬ್ಬರು ಮುನ್ಸೂಚನೆಯಿಲ್ಲದೆ ಬಂದರು. ಆಫೀಸು ಖಾಲಿ. ಪಾಠದ ದನಿ ಕೇಳಿದ ಕಡೆ ಬಂದು ಬಾಗಿಲಲ್ಲಿ ನಿಂತು ವಿಜ್ಞಾನದ ಟೀಚರನ್ನು ಕೇಳಿದರು.

“ಹೆಡ್‌ಮಾಸ್ತರ್ ಎಲ್ಲಮ್ಮಾ?”

“ನಿಂತ್ಕೊಂಡಾರೆ ಸಾರ್.”

“ಎಲ್ಲಿ?”

“ಹಿಂದ್ಗಡೆ. ದ್ಯುತಿಸಂಶ್ಲೇಷಣೆ ಅಂದ್ರೇನು ಅಂತ ಕೇಳಿದೆ, ಹೇಳಲಿಲ್ಲ.”

ಸಾಹೇಬರು ಕತ್ತು ಚಾಚಿ ನೋಡಿದರೆ ನರೆತ ತಲೆಯ ಉದ್ದನೆಯ ಮನುಷ್ಯ ಕೈಕಟ್ಟಿ ನಿಂತಿದ್ದಾನೆ! “ಏನ್ರೀ ಇದು ಅವತಾರ?” ಎಂದರೆ ಇವರು, “ಹೋದ ವಾರ ಪಾಠ ಕೇಳಿದ್ದೆ ಸಾರ್, ಮರೆತೋತು. ಮಕ್ಕಳಿಗೂ ಹಿಂಗೇ ಮರೆಯುತ್ತೆ ಅಂತ ಇವತ್ತು ಗೊತ್ತಾತು,” ಎಂದರು. ಸಾಹೇಬರು ನೇರ ಹೋಗಿ ಜೀಪು ಹತ್ತಿದರಂತೆ. ಅದೇ ಪ್ರಶ್ನೆ ತಮಗೂ ಬಂದರೆ ಏನು ಗತಿ ಎಂಬ ಭಯವಿದ್ದೀತು!

ನ್ಯಾಮತಿಗೆ ವರ್ಗವಾದಾಗ ಅದು ಹೊಸದಾಗಿ ತಾಲ್ಲೂಕಾದ ಉತ್ಸಾಹದಲ್ಲಿತ್ತು. ಬೀಗರಿಗೂ ಹೊಸ ಉತ್ಸಾಹ ಬಂತು. ಮಕ್ಕಳಿಗೆ ಕಿರುಪರೀಕ್ಷೆ ಇದ್ದ ದಿನ ಮೇಷ್ಟ್ರುಗಳೂ ಪರೀಕ್ಷೆ ಬರೆಯಬೇಕು. ಆದರೆ ತಮ್ಮ ವಿಷಯವನ್ನಲ್ಲ! ಕನ್ನಡದವರು ಗಣಿತ ಬರೆಯಬೇಕು, ಗಣಿತದವರು ಹಿಂದಿ, ಇವರು ಸ್ವತಃ ಇಂಗ್ಲಿಷು. ತಿದ್ದುವವರು ಯಾರು? ಮಕ್ಕಳು! ಅಂಕಗಳನ್ನು ಬೆಳಗಿನ ಪ್ರಾರ್ಥನೆಯಲ್ಲಿ ಓದಬೇಕು. ಮೇಷ್ಟ್ರುಗಳು ಮುನಿಸಿಕೊಂಡರು, ಗೊಣಗಿದರು, ಸಂಘದವರಿಗೆ ಹೇಳುತ್ತೇವೆಂದರು. ಮೊದಲ ಪರೀಕ್ಷೆಯಲ್ಲಿ ಹೆಡ್‌ಮಾಸ್ತರೇ ಇಂಗ್ಲಿಷಿನಲ್ಲಿ ಫೇಲಾಗಿ, ಪ್ರಾರ್ಥನೆಯಲ್ಲಿ ಎಲ್ಲರೆದುರು ನಿಂತು, “ನನಗೆ ಯಾರಾದ್ರೂ ಹೇಳಿಕೊಡ್ರಪ್ಪಾ,” ಎಂದ ಮೇಲೆ ಗೊಣಗುವುದಕ್ಕೆ ಏನು ಉಳಿಯಿತು?

ಆ ಶಾಲೆಯ ಪಿ.ಟಿ. ಮೇಷ್ಟ್ರು ಮಾತ್ರ ಬಲು ಚುರುಕು. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ಪಕ್ಕದ ಹುಡುಗಿಯ ಉತ್ತರ ನೋಡಿ ಬರೆಯುತ್ತಿದ್ದರು. ಹುಡುಗಿ ಬಿಟ್ಟಾಳೆಯೇ! “ಸಾರ್, ಪಿ.ಟಿ. ಸಾರ್ ಕಾಪಿ ಹೊಡೀತಾರೆ!” ಎಂದು ಕೂಗಿದಳು. ಬೀಗರು ಗಂಭೀರವಾಗಿ ವಿಚಾರಣೆ ನಡೆಸಿ, ಮಕ್ಕಳಿಗೆ ಪಿ.ಟಿ. ಮೇಷ್ಟ್ರೇ ಕೊಡುತ್ತಿದ್ದ ಶಿಕ್ಷೆಯನ್ನು ಅವರಿಗೂ ಕೊಟ್ಟರು: ಮೈದಾನದ ಸುತ್ತ ಓಟ. ಪಿ.ಟಿ. ಮೇಷ್ಟ್ರು ಅರ್ಧ ಸುತ್ತಿಗೇ ಕೂತುಬಿಟ್ಟರಂತೆ. ಅಂದಿನಿಂದ ಆ ಶಾಲೆಯಲ್ಲಿ ಓಟದ ಶಿಕ್ಷೆಯೇ ರದ್ದಾಯಿತು.

ಈ ಕಥೆಗಳನ್ನೆಲ್ಲ ಕೇಳಿ ನಾನು ಒಮ್ಮೆ ನೇರವಾಗಿಯೇ ಅಂದೆ: “ಬೀಗರೇ, ಮೇಷ್ಟ್ರು ಮೇಷ್ಟ್ರ ಥರ ಇರಬೇಕ್ರೀ. ಎಲ್ಲಾ ಗೊತ್ತೈತೆ ಅನ್ನೋ ಗತ್ತು ಇಲ್ಲದಿದ್ರೆ ಮಕ್ಕಳು ಹೆದರ್ತಾವಾ?”

“ಹೆದರಿದ್ರೆ ಏನು ಕಲೀತಾವೆ ಬೀಗರೇ?”

“ಹೆದರಿಕೆ ಕಲೀತಾವೆ!”

“ಅದನ್ನ ಕಲಿಸಾಕೆ ಮನೇಲೇ ಜನ ಇರ್ತಾರಲ್ಲ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಗೊತ್ತಿಲ್ಲದೆ ಇರೋದು ಹೆಂಗಿರುತ್ತೆ ಅನ್ನೋದನ್ನೇ ಮರೆತೋನು ಏನು ಕಲಿಸ್ತಾನೆ ಹೇಳ್ರಿ?” ಎಂದರು. ಮನೆಯಲ್ಲಿ ಇರುವ ಜನ ಎಂದದ್ದು ಯಾರನ್ನು ಎಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಪ್ರಬಂಧ ಬರೆಯಬೇಕಾಗುತ್ತಿರಲಿಲ್ಲ.

ನಿವೃತ್ತಿ ಹತ್ತಿರವಾದಾಗ ಅವರು ಬಂದದ್ದು ಸೂಳೆಕೆರೆಯ ಬದಿಯ ನಮ್ಮೂರ ಹೈಸ್ಕೂಲಿಗೆ. ಮಗಳನ್ನು ಕೊಟ್ಟ ಮನೆಯಲ್ಲಿ ಬೀಡು ಬಿಡಬಾರದೆಂದು ಶಾಲೆಯ ಹತ್ತಿರ ಒಂದು ಕೋಣೆ ಹಿಡಿದರು. ಶಾಲೆಯ ಸಮಿತಿಯಲ್ಲಿ ಹಿರಿಯನೆಂದು ನನಗೂ ಒಂದು ಜಾಗವಿದೆ. ಯಾಕೆ ಅಂದರೆ ನಾನು ಎಸ್ಸೆಸ್ಸೆಲ್ಸಿ ಪಾಸು! ನಮ್ಮ ಓಣಿಯಲ್ಲಿ ನನ್ನ ಓರಗೆಯವರಲ್ಲಿ ಪಾಸಾದವನು ನಾನೊಬ್ಬನೇ. ಇದನ್ನು ನಾನು ಯಾರಿಗೂ ಮರೆಯಲು ಬಿಟ್ಟವನಲ್ಲ. ಮುಖ್ಯವಾಗಿ ನನ್ನ ಸೊಸೆಗೆ. ಆಕೆ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲಾಗಿ ಓದು ಬಿಟ್ಟವಳು. ಸಾರಿಗೆ ಉಪ್ಪು ಹೆಚ್ಚಾದರೆ, “ಲೆಕ್ಕದ ಮೇಷ್ಟ್ರ ಮಗಳು, ಲೆಕ್ಕ ತಪ್ಪೈತೆ,” ಎನ್ನುತ್ತಿದ್ದೆ. ಬಂದವರು ನಗುತ್ತಿದ್ದರು. ಸೊಸೆಯೂ ತುಟಿ ಬಿಚ್ಚದೆ ನಗುತ್ತಿದ್ದಳು. ಇಂಥ ತಮಾಷೆಗಾರ ಮಾವ ಯಾರಿಗುಂಟು ಎಂದು ನಾನು ಬೀಗುತ್ತಿದ್ದೆ!

ಮೊಮ್ಮಗಳು ಹತ್ತನೇ ತರಗತಿಗೆ ಬಂದಳು. ಅವಳಿಗೆ ನಾನು ಅಜ್ಜ, ಬೀಗರು ಮೇಷ್ಟ್ರಜ್ಜ. ಎಲ್ಲದರಲ್ಲೂ ಚುರುಕಾದ ಹುಡುಗಿ ಗಣಿತದ ಪರೀಕ್ಷೆಯ ದಿನ ಮಾತ್ರ ಹೊಟ್ಟೆನೋವೆಂದು ಹೊದ್ದು ಮಲಗುತ್ತಿದ್ದಳು. ಪೂರ್ವಸಿದ್ಧತಾ ಪರೀಕ್ಷೆಯ ದಿನವೂ ಮಲಗಿದಳು. ಮುಖ್ಯ ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಹೀಗೇ ಮಲಗಿದರೆ ಅವಳ ಓದು ಅಲ್ಲಿಗೇ ಮುಗಿಯಿತು. ನನಗೆ ರೇಗಿತು.

“ಏಳೇ! ನಿಮ್ಮಮ್ಮನಂಗೆ ಆಗ್ಬೇಕಂತ ಮಾಡೀಯಾ?”

ಹೊದಿಕೆಯೊಳಗಿಂದಲೇ ಉತ್ತರ ಬಂತು: “ಬರೆದು ಫೇಲಾದ್ರೆ ಅಮ್ಮನಿಗೆ ಅಂದಂಗೆ ನನಗೂ ಜೀವಮಾನ ಪೂರ್ತಿ ಅಂತೀರಿ. ಬರೀದಿದ್ರೆ ಫೇಲಾದೆ ಅಂತ ಅನ್ನಾಕೆ ಆಗಲ್ವಲ್ಲ!”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ತಲೆ ಎತ್ತಿದರೆ ಬೀಗರು ಬಾಗಿಲಲ್ಲಿ ನಿಂತಿದ್ದಾರೆ. ಹುಡುಗಿ ಶಾಲೆಗೆ ಬರಲಿಲ್ಲವೆಂದು ಹುಡುಕಿಕೊಂಡು ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವರು ಬಲು ಮರ್ಯಾದೆಯಿಂದ ಕೇಳಿದರು.

“ಬೀಗರೇ, ನೀವು ಹತ್ತನೇ ಕ್ಲಾಸು ಪಾಸಲ್ವಾ?”

“ಪಾಸು! ಒಂದೇ ಸಲಕ್ಕೆ!”

“ಹಂಗಾದ್ರೆ ಬರ್ರಿ. ಇವತ್ತು ನೀವೇ ಬರೀರಿ.” ಹೊದಿಕೆಯ ಕಡೆ ತಿರುಗಿ, “ನೀನು ಬರೀಬೇಡವ್ವ. ಅಜ್ಜ ಬರೆದಿದ್ದನ್ನ ತಿದ್ದು, ಸಾಕು,” ಎಂದರು.

ಹೊಟ್ಟೆನೋವು ಎಲ್ಲಿ ಹೋಯಿತೋ ಕಾಣೆ! ಹುಡುಗಿ ಎದ್ದು ಕೂತಳು.

ಪಂಚೆ ಎತ್ತಿ ಕಟ್ಟಿ, ಕನ್ನಡಕ ಒರೆಸಿಕೊಂಡು ನಾನು ಮಕ್ಕಳ ನಡುವೆ ಕೂತೆ. ಮೊಣಕಾಲು ಬೆಂಚಿನ ಕೆಳಗೆ ಹೋಗಲಿಲ್ಲ. ಪ್ರಶ್ನೆಪತ್ರಿಕೆ ತಲೆಯೊಳಗೆ ಹೋಗಲಿಲ್ಲ. ಬಹುಪದೋಕ್ತಿಯಂತೆ, ಸಮಾಂತರ ಶ್ರೇಢಿಯಂತೆ! ಒಂದಂಕದ ಪ್ರಶ್ನೆಗಳಿಗೆ ದೇವರ ಮೇಲೆ ಭಾರ ಹಾಕಿ ಏನೋ ಗೀಚಿದೆ. ಕೊನೆಗೆ ಪರಿಚಯದ ಪ್ರಶ್ನೆಯೊಂದು ಸಿಕ್ಕಿತು. ಇಷ್ಟು ಎತ್ತರದ ಗೋಪುರದ ತುದಿಯಿಂದ ನೀರಿನ ಮೇಲಿನ ದೋಣಿಯನ್ನು ನೋಡಿದಾಗ ಅವನತ ಕೋನ ಇಷ್ಟಿದೆ, ದೋಣಿ ಗೋಪುರದಿಂದ ಎಷ್ಟು ದೂರದಲ್ಲಿದೆ? ಸೂಳೆಕೆರೆಯ ನೀರು ಕುಡಿದು ಬೆಳೆದವನಿಗೆ ದೋಣಿಯ ಪ್ರಶ್ನೆಯೇ! ಉತ್ಸಾಹದಿಂದ ಬರೆದೆ: “ಇದಕ್ಕಾಗಿ ಗೋಪುರ ಹತ್ತುವ ಅಗತ್ಯವಿಲ್ಲ. ದಡದಲ್ಲಿ ನಿಂತು ಕೂಗಿದರೆ ದೋಣಿಯವನೇ ಹೇಳುತ್ತಾನೆ. ಮೇಲಾಗಿ ಮಧ್ಯಾಹ್ನದ ಮೇಲೆ ಗಾಳಿ ಏಳುವುದರಿಂದ ದೋಣಿ ಒಂದೇ ಕಡೆ ನಿಲ್ಲುವುದಿಲ್ಲ.”

ಬರೆದಾದ ಮೇಲೆ ಸುತ್ತ ನೋಡಿದೆ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾರೆ. ನನಗೆ ಬರೆಯಲು ಏನೂ ಉಳಿದಿಲ್ಲ. ಎದ್ದು ಹೋಗೋಣವೆಂದರೆ ಎಲ್ಲರೂ ನೋಡುತ್ತಾರೆ, ಕೂತಿರೋಣವೆಂದರೆ ಹೊತ್ತು ಹೋಗುವುದಿಲ್ಲ. ಹದಿನಾರು ವರ್ಷದ ಹುಡುಗಿಯೊಬ್ಬಳು ಹಿಂದೊಮ್ಮೆ ಹೀಗೇ ಕೂತಿದ್ದಿರಬೇಕಲ್ಲ ಎಂದು ಆಗ ಅನಿಸಿತು. ಅವಳ ಆ ಗಂಟೆಗಳನ್ನು ನಾನು ಸಾರಿನ ಉಪ್ಪಿಗೆ ಹೋಲಿಸಿ ನಗಿಸುತ್ತಿದ್ದೆನಲ್ಲ!

ನನ್ನ ಉತ್ತರ ತಿದ್ದಬೇಕಾದರೆ ಮೊಮ್ಮಗಳಿಗೆ ಸರಿಯಾದ ಉತ್ತರ ಗೊತ್ತಿರಬೇಕಲ್ಲ? ಅವಳು ಗಣಿತದ ಟೀಚರ ಬೆನ್ನು ಹತ್ತಿ ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ದೋಣಿಯ ಉತ್ತರಕ್ಕೆ ಸೊನ್ನೆ ಸುತ್ತಿ, ಕೆಂಪು ಶಾಯಿಯಲ್ಲಿ, “ಗಾಳಿಯ ವಿಷಯ ಸರಿ. ಆದರೆ ದೋಣಿಯನ್ನು ಕಟ್ಟಿಹಾಕಿದ್ದಾರೆ ಅಂದುಕೊಳ್ಳಿ,” ಎಂದು ಬರೆದಿದ್ದಳು. ಮರುದಿನ ಪ್ರಾರ್ಥನೆಯಲ್ಲಿ ಬೀಗರು ಓದಿದರು: “ಸಮಿತಿಯ ಹಿರಿಯರು, ಗಣಿತ, ಎಂಬತ್ತಕ್ಕೆ ಏಳು.” ಮಕ್ಕಳು ಚಪ್ಪಾಳೆ ತಟ್ಟಿದರು. ಹಾಳಾದ್ದು, ನನಗೂ ನಗು ಬಂತು.

ಆಮೇಲೆ ಸಂಜೆಗಳಲ್ಲಿ ಅವಳು ಮೇಷ್ಟ್ರು, ನಾನು ದಡ್ಡ ವಿದ್ಯಾರ್ಥಿ. ಪ್ರತಿಯೊಂದಕ್ಕೂ “ಯಾಕೆ?” ಎನ್ನುತ್ತಿದ್ದೆ. “ಅಯ್ಯೋ ಅಜ್ಜಾ, ಅದು ಹಂಗೇ!” ಎಂದರೆ ಬಿಡುತ್ತಿರಲಿಲ್ಲ. ಅವಳು ಮರುದಿನ ಟೀಚರನ್ನು ಕೇಳಿಕೊಂಡು ಬರುತ್ತಿದ್ದಳು. ನನ್ನ ದಡ್ಡತನ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಹಿಂದೆ ಕೂತು ಸೊಸೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ತಪ್ಪಾಯಿತೆಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. “ಇನ್ನೊಂದು ರೊಟ್ಟಿ ಹಾಕ್ಲಾ ಮಾವ?” ಎಂದು ಅವಳು ಕೇಳುತ್ತಿದ್ದಳು. ನಾನು ಹಾಕಿಸಿಕೊಳ್ಳುತ್ತಿದ್ದೆ. ಚುಚ್ಚುವುದನ್ನು ಬಿಟ್ಟೆನಲ್ಲ, ಅದೂ ಕ್ಷಮೆ ಕೇಳಿದಂತೆಯೇ ಎಂದು ಸಮಾಧಾನ ಮಾಡಿಕೊಂಡೆ. ಅಲ್ಲವೆಂದು ನನಗೆ ಗೊತ್ತಿತ್ತು.

ಗಣಿತದ ಮುಖ್ಯ ಪರೀಕ್ಷೆಯ ದಿನ ಮೊಮ್ಮಗಳು ಮಲಗಲಿಲ್ಲ. ಚನ್ನಗಿರಿಯ ಪರೀಕ್ಷಾ ಕೇಂದ್ರಕ್ಕೆ ನಾವಿಬ್ಬರೂ ಅಜ್ಜಂದಿರು ಅವಳ ಜೊತೆ ಹೋದೆವು. ಅವಳು ಒಳಗೆ ಹೋದಳು. ನಾವು ಎದುರಿನ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ಹೇಳಿ ಕೂತೆವು. ಬೀಗರು ಮಿರ್ಚಿಯನ್ನು ಮುಟ್ಟಲಿಲ್ಲ. ಗಳಿಗೆಗೊಮ್ಮೆ ಎದ್ದು ಗೇಟಿನವರೆಗೆ ಹೋಗಿ ಬರುತ್ತಿದ್ದರು.

“ಏನ್ರೀ ಬೀಗರೇ, ಸಾಹೇಬರ ಎದುರಿಗೇ ಕೈಕಟ್ಟಿ ನಿಂತ ಗಂಡು ನೀವು!”

ಅವರು ಗೇಟಿನ ಕಡೆಯೇ ನೋಡುತ್ತಾ ಹೇಳಿದರು: “ಜಗಳೂರಾಗೆ ನನ್ನ ಮಗಳು ನನ್ನ ಕ್ಲಾಸಿನಾಗೇ ಇದ್ಲು ಬೀಗರೇ. ಎಲ್ಲರಿಗೂ ತಿಳಿಯೋದು ಇವಳಿಗ್ಯಾಕೆ ತಿಳಿಯಲ್ಲ ಅಂತ ಬೋರ್ಡಿನ ಹತ್ರ ನಿಲ್ಲಿಸಿಬಿಡ್ತಿದ್ದೆ. ಎಲ್ಲರ ಮುಂದೆ. ಪೀರಿಯಡ್ ಮುಗಿಯೋ ತನಕ. ನನಗೆ ಗಣಿತ ಬರ್ತಿತ್ತು, ಅವಳಿಗೆ ಹೆಂಗಾಗ್ತೈತೆ ಅನ್ನೋದು ಬರ್ತಿರಲಿಲ್ಲ. ಫೇಲಾದ ದಿನ ಅವಳು ಅಳಲಿಲ್ಲ. ‘ಅಪ್ಪಾಜಿ, ನಿಮ್ಮ ಮರ್ಯಾದಿ ಕಳೆದೆ, ತಪ್ಪಾತು’ ಅಂದ್ಲು. ನಾನು ಅವಳಿಗೆ ಹೇಳಬೇಕಿದ್ದ ಮಾತು ಅದು. ಅವತ್ತಿಂದಲೇ ನನ್ನ ತಲೆ ಕೆಟ್ಟಿದ್ದು.”

ಅಪ್ಪ ನಿಲ್ಲಿಸಿದ ಜಾಗದಲ್ಲೇ ಅವಳನ್ನು ಇಷ್ಟು ವರ್ಷ ನಿಲ್ಲಿಸಿಕೊಂಡವನು ನಾನು. ಅವರಾದರೂ ಆ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕೂತರು.

ಗಂಟೆ ಹೊಡೆಯಿತು, ಮಕ್ಕಳು ಹೊರಗೆ ಬಂದರು. ಸುತ್ತಲಿನ ಅಪ್ಪ ಅಮ್ಮಂದಿರೆಲ್ಲ, “ಎಷ್ಟು ಬರುತ್ತೆ? ಎಷ್ಟು ಬರುತ್ತೆ?” ಎನ್ನುತ್ತಿದ್ದರು. ಬೀಗರು ಮೊಮ್ಮಗಳನ್ನು ಕೇಳಿದ್ದು ಬೇರೆ: “ಯಾವ ಪ್ರಶ್ನೆ ಚಂದಿತ್ತವ್ವ?” ಹುಡುಗಿ ಬಸ್ಸಿನಲ್ಲಿ ಊರು ಬರುವವರೆಗೂ ಅದನ್ನೇ ಹೇಳಿದಳು. ಫಲಿತಾಂಶ ಇನ್ನೂ ಬಂದಿಲ್ಲ. ಬಂದಾಗ ಬರಲಿ.

ಮನೆಗೆ ಬಂದಾಗ ಸೊಸೆ ಒಲೆಯ ಮೇಲೆ ಹಾಲಿಟ್ಟು ರೊಟ್ಟಿಗೆ ಹಿಟ್ಟು ಸುರಿದುಕೊಂಡಿದ್ದಳು. “ಕೊಡೇ, ನೋಡೋಣ,” ಎಂದು ಮಗಳ ಕೈಯಿಂದ ಪ್ರಶ್ನೆಪತ್ರಿಕೆ ಇಸಿದುಕೊಂಡಳು. ನಿಂತೇ ಓದಿದಳು. ಆಮೇಲೆ ಮೆಲ್ಲಗೆ ಕೂತು, ಹರಡಿದ ಹಿಟ್ಟಿನಲ್ಲಿ ಬೆರಳಿನಿಂದ ಒಂದು ತ್ರಿಕೋನ ಬರೆದಳು. ಅದರ ಪಕ್ಕದಲ್ಲಿ ಅಂಕಿಗಳು. ಒಂದು ಕಡೆ ಬೆರಳು ತಡೆಯಿತು. ಬಾಗಿಲಲ್ಲಿ ನಿಂತಿದ್ದ ಬೀಗರ ಬಾಯಿಗೆ ಮಾತು ಬಂದದ್ದನ್ನು ನಾನು ಕಂಡೆ. ಅವರು ಅದನ್ನು ನುಂಗಿಕೊಂಡು, ಮಗಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಅಪ್ಪಾಜಿ, ಹಿಂಗಾ?” ಎಂದಳು ತಲೆ ಎತ್ತದೆ.

“ನೀನು ಮಾಡವ್ವ. ನನಗೇನೂ ಅವಸರ ಇಲ್ಲ.”

ಅಷ್ಟರಲ್ಲಿ ಒಲೆಯ ಮೇಲೆ ಹಾಲು ಏರತೊಡಗಿತು. ಸೊಸೆ ಗಾಬರಿಯಿಂದ ಏಳಲು ಹೋದಳು. ನಾನು ಅವಳಿಗಿಂತ ಮೊದಲೇ ಎದ್ದಿದ್ದೆ.

“ಕೂತ್ಕಳವ್ವ, ಲೆಕ್ಕ ಮುಗಿಸು,” ಎಂದೆ. “ಹಾಲು ನಾನು ನೋಡ್ಕತೀನಿ.”